ಜೇಡರ ಹುಳದ ಬಾಣಂತನ

ನನಗೆ ಜೇಡ ಕಂಡರೆ ಆಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಬಸ್ಸಿನಲ್ಲಿ ಟಿಕೆಟ್ ಹರಿಯುವ ಕೆಲಸ ನನ್ನದು. ಕುಡುಕರು, ಚಿಲ್ಲರೆಗೆ ಜಗಳ ಕಾಯುವವರು, ಫುಟ್‌ಬೋರ್ಡಿನಲ್ಲಿ ನೇತಾಡುವ ಕಾಲೇಜು ಹುಡುಗರು, ಯಾರಿಗೂ ಹೆದರಿದವಳಲ್ಲ. ಆದರೆ ಎಂಟು ಕಾಲಿನ ಒಂದು ಪ್ರಾಣಿ ಗೋಡೆಯ ಮೇಲೆ ಹರಿದರೆ ಪೊರಕೆ ಹುಡುಕುವವಳು. ಅಂಥವಳ ಮನೆಯಲ್ಲಿ, ಕೆ.ಆರ್. ಪೇಟೆಯಲ್ಲಿ, ಟಿವಿಯ ಪಕ್ಕದಲ್ಲಿ ಅಂಗೈಯಗಲದ ಕೂದಲು ಜೇಡವೊಂದು ಗಾಜಿನ ಪೆಟ್ಟಿಗೆಯಲ್ಲಿ ಠಿಕಾಣಿ ಹೂಡಿತು. ಅದಕ್ಕೆ ಕಾರಣ ನನ್ನ ತಮ್ಮ. ಅವನು ಸತ್ತಿದ್ದಾನೆ, ಬೈಯಲೂ ಆಗುವುದಿಲ್ಲ.

ತಮ್ಮ ಶ್ರೀರಂಗಪಟ್ಟಣದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಅಪ್ಪ ತೀರಿಕೊಂಡ ಮೇಲೆ ಅವನೂ ಅವ್ವನೂ ಬಾಬುರಾಯನಕೊಪ್ಪಲಿನಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದರು. ಒಂದು ಸಂಜೆ ಅಂಗಡಿ ಬಾಗಿಲು ಹಾಕಿ ಬೈಕಿನಲ್ಲಿ ಹೊರಟವನು ಮನೆ ಸೇರಲಿಲ್ಲ. ಹೈವೇಯಲ್ಲಿ ಯಾವ ಗಾಡಿ ತಗುಲಿತೋ, ನಿಲ್ಲಿಸದೆ ಹೋಯಿತು. ಮರುದಿನ ಮಧ್ಯಾಹ್ನ ಆಸ್ಪತ್ರೆಯವರು ಕೊಯ್ದು, ಹೊಲಿದು, ಬಿಳಿ ಬಟ್ಟೆ ಸುತ್ತಿ ಕೊಟ್ಟರು. ಮನೆಯ ಮುಂದೆ ಚಾಪೆಯ ಮೇಲೆ ಅವನನ್ನು ಅಂಗಾತ ಮಲಗಿಸಿದಾಗ ಅವ್ವ ಅವನ ಎದೆಯ ಮೇಲೆ ಎರಡೂ ಕೈಯಿಟ್ಟು ಕೂತಳು. “ಒಸಿ ತಡೀರಪ್ಪಾ, ಒಸಿ ತಡೀರಿ” ಅಂದಳು. ಯಾರು ತಡೆಯುತ್ತಾರೆ? ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕು, ದೂರದಿಂದ ಬಂದವರು ಊರು ಸೇರಬೇಕು. ಕೊನೆಗೆ ಅವಳ ತಮ್ಮ, ಪಾಂಡವಪುರದ ಕಡೆಯ ಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿರುವ ನಮ್ಮ ಸೋದರಮಾವ, “ಸಾಕು ಬುಡಕ್ಕ” ಅಂತ ಅವಳ ಕೈ ಬಿಡಿಸಿದ.

ಅಲ್ಲಿಂದಾಚೆಗೆ ಅವ್ವ ಮಾತಾಡಲಿಲ್ಲ. ಉಣ್ಣಲಿಲ್ಲ. ಬಾಯಿಗೆ ಹಿಡಿದ ಲೋಟವನ್ನು ತಳ್ಳಿಬಿಡುತ್ತಿದ್ದಳು. ಗುಂಡಿಗೆ ಹಾಲುತುಪ್ಪ ಬಿಟ್ಟು ಬಂದ ದಿನ ಮನೆ ತೊಳೆಯಬೇಕೆಂದು ತಮ್ಮನ ಕೋಣೆಯ ಬಾಗಿಲು ತೆಗೆದೆವು. ಷೆಲ್ಫಿನ ಮೇಲೆ ಟವಲ್ ಮುಚ್ಚಿದ ಗಾಜಿನ ಪೆಟ್ಟಿಗೆ ಇತ್ತು. ಮಾವ ಟವಲ್ ಎತ್ತಿದವನೇ ಹಿಂದಕ್ಕೆ ಹಾರಿದ.

“ಅಯ್ಯಯ್ಯಪ್ಪೋ! ಇದೇನವ್ವಾ ಇದು? ಈ ಸನಿಯ ಮನೇಲಿ ಮಡಿಕ್ಕಂಡಿದ್ದುಕ್ಕೇ ಇಂಗಾಗಿರಾದು ನೋಡು!” ಎಂದು ಕಾಲಿನ ಚಪ್ಪಲಿ ಕೈಗೆ ತೆಗೆದುಕೊಂಡ. ನನಗಂತೂ ಅವನು ಹೊಡೆದರೆ ಸಾಕಾಗಿತ್ತು. ಆಗ ಹಿಂದಿನಿಂದ ಅವ್ವನ ದನಿ ಬಂತು.

“ಮುಟ್ಟುದ್ರೆ ನೋಡು! ಚಪ್ಲಿ ಕೆಳೀಕಾಕು. ಅದು ನನ್ ಮಗಂದು.”

ಅಷ್ಟು ದಿನದ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು ಅದು. ಪೆಟ್ಟಿಗೆಯ ಹತ್ತಿರ ಹೋಗಿ ಬಗ್ಗಿ ನೋಡಿದಳು. ಜೇಡ ಮೂಲೆಯಲ್ಲಿ ಒಂದು ಕಾಲು ಎತ್ತಿಕೊಂಡು ಕೂತಿತ್ತು, ನೀರಿನ ಬಟ್ಟಲು ಒಣಗಿತ್ತು. “ಬೆಳಗಾನ ಎದ್ದು ಮೊದ್ಲು ಇದ್ರ ಮಕ ನೋಡ್ತಿದ್ದ” ಎಂದು ತಾನೇ ಹೋಗಿ ಒಂದು ಲೋಟ ನೀರು ತಂದಳು. ಬಟ್ಟಲಿಗೆ ಹುಯ್ದು, ಮಿಕ್ಕಿದ್ದನ್ನು ತಾನು ಕುಡಿದಳು. ಆವತ್ತೇ ನನಗೆ ಅರ್ಥವಾಯಿತು, ಈ ದರಿದ್ರ ಹುಳ ಬದುಕಿರಲೇಬೇಕು ಅಂತ. ಅದು ಸತ್ತರೆ ಇವಳೂ ಸಾಯುತ್ತಾಳೆ.

ಬಾಡಿಗೆ ಮನೆ ಖಾಲಿ ಮಾಡಿ ಅವ್ವನನ್ನು ನಮ್ಮ ಮನೆಗೆ ಕರೆದುಕೊಂಡು ಹೊರಟದ್ದು ನನ್ನದೇ ಬಸ್ಸಿನಲ್ಲಿ. ಶ್ರೀರಂಗಪಟ್ಟಣದಲ್ಲಿ ಹತ್ತಿಸಿಕೊಂಡೆ. ಪೆಟ್ಟಿಗೆ ತೊಡೆಯ ಮೇಲೆ, ಅದರ ಮೇಲೆ ಸೆರಗು. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆಯಾದ ಮೇಲೆ ನಮ್ಮ ಬಸ್ಸಿನಲ್ಲಿ ಉಸಿರಾಡಲು ಜಾಗ ಇರುವುದಿಲ್ಲ. ಪಕ್ಕದ ಸೀಟಿನ ಹೆಂಗಸು ಸುಮ್ಮನಿರಲಾರದೆ ಕೇಳಿದಳು, “ಏನಮ್ಮೋ ಅದು, ಮೀನಾ?”

“ಅಲ್ಲ ಕಣವ್ವ, ಜೇಡ್ರುಳ” ಎಂದು ಅವ್ವ ಸೆರಗು ಸರಿಸಿದಳು.

ಆ ಹೆಂಗಸು ಕಿರುಚಿದ ರಭಸಕ್ಕೆ ಡ್ರೈವರು ಬ್ರೇಕ್ ಹಾಕಿದ. ಪಾಂಡವಪುರ ಬರುವವರೆಗೂ ಆ ತುಂಬಿದ ಬಸ್ಸಿನಲ್ಲಿ ಅವ್ವನ ಸುತ್ತ ಮಾತ್ರ ಖಾಲಿ. ಅವಳಿಗೆ ಪುಕ್ಕಟೆ ಟಿಕೆಟ್ ಹರಿದು ಕೊಟ್ಟೆ. ಜೇಡಕ್ಕೆ ಏನು ಹರಿಯಬೇಕೆಂದು ಯಾವ ನಿಯಮದಲ್ಲೂ ಬರೆದಿಲ್ಲ. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಆವತ್ತು ಅವ್ವನ ಮೂಳೆ ಮೂಳೆ ಕೈಗಳು ಆ ಪೆಟ್ಟಿಗೆಯನ್ನು ಹಿಡಿದುಕೊಂಡಿದ್ದ ರೀತಿ ನೋಡಿ ಮುಖ ತಿರುಗಿಸಿ ಹಿಂದಿನ ಸೀಟಿಗೆ ಹೋದೆ.

ಪೆಟ್ಟಿಗೆಯ ಅಡಿಯಲ್ಲಿ ಮೈಸೂರಿನ ಒಂದು ಬಣ್ಣದ ಮೀನಿನ ಅಂಗಡಿಯ ಚೀಟಿ ಅಂಟಿಸಿತ್ತು. ಫೋನ್ ಮಾಡಿದೆ. ಅಂಗಡಿಯವನಿಗೆ ತಮ್ಮನ ನೆನಪಿತ್ತು. ವಿಷಯ ಕೇಳಿ, “ಅದು ಹೊರದೇಶದ ಜಾತಿ ಮೇಡಂ, ಹೆಣ್ಣು. ಹುಷಾರಾಗಿ ನೋಡ್ಕೊಂಡ್ರೆ ಇಪ್ಪತ್ತು ವರ್ಷ ಬದುಕತ್ತೆ” ಅಂದ. ಸ್ಪೀಕರ್ ಹಾಕಿದ್ದೆ, ಅವ್ವ ಕೇಳಿಸಿಕೊಂಡಳು.

“ಇಪ್ಪತ್ತೊರ್ಸ! ಅಂಗಾರೆ ನಾನು ಓಗಾಗಂಟ ಇರ್ತದೆ ಬುಡು” ಅಂದಳು. ಅವಳ ಮುಖ ಒಂಚೂರು ಸಡಿಲವಾಯಿತು.

ಸಾಕುವುದೇನು ಸುಲಭವೇ? ಹಸುವಾಗಿದ್ದರೆ ಅವ್ವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇದು ಅರಚುವುದಿಲ್ಲ, ಹತ್ತಿರ ಬರುವುದಿಲ್ಲ, ಹಸಿವೋ ನೋವೋ ಒಂದನ್ನೂ ತೋರಿಸುವುದಿಲ್ಲ. ಮೊದಲ ದಿನವೇ ಅವ್ವ ಒಂದು ಗುಕ್ಕು ರಾಗಿ ಮುದ್ದೆಗೆ ಹಾಲು ಕಲಸಿ ಪೆಟ್ಟಿಗೆಯೊಳಗೆ ಇಟ್ಟಳು. ಅದು ಬೂಸ್ಟು ಹಿಡಿದು ನಾರಿತು. ಅಂಗಡಿಯವನು ಫೋನಿನಲ್ಲಿ ಬಾಯಿ ಬಾಯಿ ಬಡಿದುಕೊಂಡ. ಜೀವ ಇರುವ, ಹರಿದಾಡುವ ಹುಳವನ್ನು ಮಾತ್ರ ತಿನ್ನುವುದಂತೆ. ವಾರಕ್ಕೊಂದು ಸಾಕಂತೆ. ತಿನ್ನದೆ ಬಿಟ್ಟದ್ದನ್ನು ತೆಗೆದುಹಾಕಬೇಕಂತೆ, ಇಲ್ಲದಿದ್ದರೆ ಆ ಹುಳವೇ ಇದನ್ನು ಕಚ್ಚುತ್ತದಂತೆ. ಅಡಿಯಲ್ಲಿ ತೆಂಗಿನ ನಾರಿನ ಪುಡಿ ಹಾಸಬೇಕು. ಅದಕ್ಕೆ ನಮ್ಮ ಕಡೆ ಬರವಿಲ್ಲ, ನಾರು ಬಡಿಯುವ ಕಡೆಯಿಂದ ಚೀಲದಲ್ಲಿ ತಂದೆ. ಅವ್ವ ಪೈರಿಗೆ ನೀರು ಬಿಟ್ಟ ಹಾಗೆ ಅದಕ್ಕೆ ನೀರು ಹುಯ್ದಳು. ಜೇಡ ಕೆಳಗಿಳಿಯದೆ ಗಾಜಿಗೆ ಅಂಟಿಕೊಂಡು ಕೂತಿತು. “ಮುನಿಸ್ಕಂಡದೆ. ಅವ್ನು ಕಾಣ್ನಿಲ್ಲ ಅಂತ” ಅಂದಳು ಅವ್ವ. ಮುನಿಸೂ ಇಲ್ಲ ಮಣ್ಣೂ ಇಲ್ಲ, ನೆಲ ಒದ್ದೆಯಾದರೆ ಅದಕ್ಕೆ ಆಗುವುದಿಲ್ಲ ಎಂದು ಅಂಗಡಿಯವನು ಹೇಳಿದ ಮೇಲೆ ಎಲ್ಲ ತೆಗೆದು ಬಿಸಿಲಿಗೆ ಹರವಿ ಮತ್ತೆ ತುಂಬಿದೆವು.

ಕೈಯಲ್ಲಿ ಎತ್ತಿಕೊಳ್ಳುವಂತಿಲ್ಲ. ಅಷ್ಟೆತ್ತರದಿಂದ ಬಿದ್ದರೆ ಸಾಕು, ಅದರ ಹೊಟ್ಟೆ ಒಡೆಯುತ್ತದೆ. ಅವ್ವ ಒಂದು ಸಲ ಕೇಳದೆ ಬೆನ್ನು ಸವರಲು ಹೋದಳು. ಅದು ಹಿಂಗಾಲಿನಿಂದ ಹೊಟ್ಟೆಯ ಕೂದಲನ್ನು ಉಜ್ಜಿ ಉದುರಿಸಿತು. ಅವಳ ಕೈಯೆಲ್ಲ ಗಂದೆಯೆದ್ದು ತುರಿಸಿ ತುರಿಸಿ ರಕ್ತ ಬಂತು. ಸೊಳ್ಳೆ ಬತ್ತಿ ಹಚ್ಚುವಂತಿಲ್ಲ, ಜಿರಳೆಗೆ ಔಷಧಿ ಹೊಡೆಯುವಂತಿಲ್ಲ, ದೇವರ ಮುಂದೆ ಊದುಬತ್ತಿಯೂ ಬಂದ್. “ನಮ್ಮನ್ನ ಸೊಳ್ಳೆ ತಿಂದ್ರೂ ಪರ್ವಾಗಿಲ್ಲ, ಮಾರಾಣಿಗೆ ಮಾತ್ರ ಒಗೆ ತಾಗ್ಬಾರ್ದು” ಎಂದು ನಮ್ಮ ಯಜಮಾನರು ಗೊಣಗುತ್ತ ರಗ್ಗು ಹೊದ್ದು ಮಲಗುತ್ತಿದ್ದರು. ಒಡೆದ ಮಡಕೆಯ ಒಂದು ಹೋಳನ್ನು ಅವರೇ ತಂದು ಅದಕ್ಕೆ ಗೂಡು ಮಾಡಿ ಇಟ್ಟರು. ಬೈದುಕೊಂಡೇ ಇಟ್ಟರು.

ಮೈಸೂರಿನ ಡ್ಯೂಟಿ ಬಿದ್ದಾಗಲೆಲ್ಲ ಆ ಅಂಗಡಿಯಿಂದ ಸಾಕಿದ ಚಿಮ್ಮಂಡೆ ಹುಳಗಳನ್ನು ಡಬ್ಬಿಯಲ್ಲಿ ತರುತ್ತಿದ್ದೆ. ಟಿಕೆಟ್ ಮೆಷಿನ್ನಿನ ಚೀಲದಲ್ಲಿ ಚಿರ್ ಚಿರ್ ಅನ್ನುವ ಡಬ್ಬಿ. ಹೊರಗಿನ ಹುಳ ಹಿಡಿದು ಹಾಕಬೇಡಿ, ಹೊಲಗಳಲ್ಲೆಲ್ಲ ವಿಷ ಇರುತ್ತದೆ ಎಂದು ಅಂಗಡಿಯವನು ಮೊದಲೇ ಹೇಳಿದ್ದ. ಚಿಮ್ಮಂಡೆ ಬಿಟ್ಟ ಕೂಡಲೇ ಮಡಕೆಯ ಹೋಳಿನಡಿಯಿಂದ ಅದು ಒಂದೇ ಏಟಿಗೆ ಹಾರಿ ಹಿಡಿಯುತ್ತಿತ್ತು. ನನಗೆ ಮೈ ಜುಮ್ಮೆನ್ನುತ್ತಿತ್ತು. ಅವ್ವ ಮಾತ್ರ ಗಾಜಿಗೆ ಮೂಗು ತಾಗಿಸಿಕೊಂಡು, “ತಿನ್ನು ಮಗ, ತಿನ್ನು” ಅನ್ನುತ್ತಿದ್ದಳು. ಆಮೇಲೆ ತಿರುಗಿ ನೋಡಿ, “ನಂಗೂ ಒಸಿ ಇಕ್ಕು” ಅಂತ ತಟ್ಟೆ ಹಿಡಿಯುತ್ತಿದ್ದಳು. ಅದು ತಿಂದ ದಿನ ಹೊಟ್ಟೆ ತುಂಬ ಉಣ್ಣುತ್ತಿದ್ದಳು, ಮಿಕ್ಕ ದಿನ ಎರಡು ತುತ್ತು ತಿಂದು ಏಳುತ್ತಿದ್ದಳು. ಆದರೂ ಅವಳ ಮೈಯಲ್ಲಿ ಜೀವ ಆಡುತ್ತಿತ್ತು. ಬಾಗಿಲಿಗೆ ಬಂದ ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುವಷ್ಟು ಆಗಿದ್ದಳು.

ಆಮೇಲೆ ಒಂದು ವಾರ ಅದು ತಿನ್ನಲಿಲ್ಲ. ಚಿಮ್ಮಂಡೆ ಮೈಮೇಲೆ ಹತ್ತಿದರೂ ಹಿಂದೆ ಸರಿಯಿತು. ಮುಂದಿನ ವಾರವೂ ಇಲ್ಲ. ಹೊಟ್ಟೆಯ ಹಿಂಭಾಗ ಕೂದಲು ಉದುರಿ ಬೋಳಾಗಿ ಕಪ್ಪಗಾಯಿತು. “ಪೊರೆ ಬಿಡೋ ಮುಂಚೆ ಉಪವಾಸ ಮಾಡತ್ತೆ ಮೇಡಂ, ತಿಂಗಳಾದ್ರೂ ಆಗಬಹುದು, ಬಿಟ್ಬಿಡಿ” ಅಂದ ಅಂಗಡಿಯವನು. ಹಾವು ಪೊರೆ ಬಿಡುವುದು ಗೊತ್ತಿತ್ತು, ಜೇಡವೂ ಬಿಡುತ್ತದೆಂದು ಯಾರಿಗೆ ಗೊತ್ತು! ಅವ್ವ ನಂಬಲಿಲ್ಲ. ಅದು ತಿನ್ನದಿದ್ದರೆ ಇವಳೂ ತಟ್ಟೆ ಹಿಡಿಯಳು. ಗದರಿದೆ, ಅತ್ತುಬಿಟ್ಟೆ, ಕೊನೆಗೆ ತಟ್ಟೆ ನೆಲಕ್ಕೆ ಬಡಿದೆ. ಮತ್ತೆ ಮೊದಲಿನಂತೆ ಗೋಡೆ ನೋಡಿಕೊಂಡು ಕೂತಳು.

ನಾಗಮಂಗಲದ ದನದ ಆಸ್ಪತ್ರೆಯ ಡಾಕ್ಟರು ನನ್ನ ಬಸ್ಸಿಗೇ ಹತ್ತುವವರು, ಮುಖಪರಿಚಯ ಇತ್ತು. ಅವ್ವ ಹಟ ಹಿಡಿದಳೆಂದು ಪೆಟ್ಟಿಗೆಯ ಸಮೇತ ಕರೆದುಕೊಂಡು ಹೋದೆ. ಒಂದು ಕಡೆ ಮೇಕೆ, ಇನ್ನೊಂದು ಕಡೆ ಕೆಚ್ಚಲು ಬಾತ ಹಸು, ನಡುವೆ ನಾವು. ಡಾಕ್ಟರು ಪೆಟ್ಟಿಗೆಯನ್ನು ಬೆಳಕಿಗೆ ಹಿಡಿದು ನೋಡಿ, “ನಾನು ಓದಿದ್ರಲ್ಲಿ ಇದಿಲ್ಲಮ್ಮ, ಸುಳ್ಳು ಹೇಳಲ್ಲ” ಅಂದರು. ಆಮೇಲೆ ಅವ್ವನ ಕೆನ್ನೆ, ಕತ್ತಿನ ಮೂಳೆ ನೋಡಿ ನನ್ನನ್ನು ಪಕ್ಕಕ್ಕೆ ಕರೆದರು. “ಹುಳದ್ದು ಇರಲಿ, ನಿಮ್ಮ ತಾಯೀಗೆ ಮೊದಲು ಡ್ರಿಪ್ ಹಾಕ್ಸಿ. ಹೀಗೇ ಬಿಟ್ಟರೆ ಬಹಳ ದಿನ ಉಳಿಯಲ್ಲ” ಅಂದರು. ಬರುವಾಗ ಬಸ್ಸಿನ ಕಿಟಕಿಯ ಕಂಬಿಗೆ ತಲೆಯಿಟ್ಟು ಅವ್ವ ಕಣ್ಣು ಮುಚ್ಚಿದ್ದಳು. ನಾನು ಆ ಜೇಡವನ್ನು ಬೇಡಿಕೊಂಡೆ. ದೇವರನ್ನಲ್ಲ, ಆ ಹುಳವನ್ನೇ. ತಿನ್ನೇ ಮುಂಡೇದೇ, ಒಂದೇ ಒಂದು ತಿನ್ನು.

ವಾರದ ರಜೆಯ ದಿನ, ಅಡಿಗೆಮನೆಯಲ್ಲಿದ್ದೆ. ನಡುಮನೆಯಿಂದ ಅವ್ವ ಕೂಗಿದಳು. ತಮ್ಮನ ಸುದ್ದಿ ಬಂದಾಗ ಕೂಗಿದಳಲ್ಲ, ಅದೇ ಕೂಗು. ಓಡಿ ಬಂದು ನೋಡಿದರೆ ಜೇಡ ಅಂಗಾತ ಬಿದ್ದಿದೆ. ಎಂಟೂ ಕಾಲು ಮೇಲೆ, ಅಲುಗಾಟವಿಲ್ಲ. ಅವ್ವ ನೆಲದ ಮೇಲೆ ಕೂತು ತಲೆ ಚಚ್ಚಿಕೊಳ್ಳುತ್ತಿದ್ದಳು. ನಮ್ಮ ಯಜಮಾನರು ಆಗಲೇ ಒಂದು ರಟ್ಟಿನ ಚೂರು ತಂದಿದ್ದರು, ಎತ್ತಿ ಹಿತ್ತಲಲ್ಲಿ ಹೂಳೋಣವೆಂದು. ಯಾತಕ್ಕೋ ಏನೋ, ಅಂಗಡಿಯವನಿಗೆ ಒಂದು ಮಾತು ಹೇಳೋಣ ಅಂತ ಫೋನ್ ಮಾಡಿದೆ.

“ಅಂಗಾತ ಬಿದ್ದಿದ್ಯಾ? ಮುಟ್ಟಬೇಡಿ! ಯಾರೂ ಮುಟ್ಟಬೇಡಿ!” ಎಂದು ಅವನು ಕೂಗಿದ. “ಸತ್ತಿಲ್ಲ ಮೇಡಂ, ಪೊರೆ ಬಿಡ್ತಾ ಇದೆ. ಪೊರೆ ಬಿಡುವಾಗ ಅಂಗಾತ ಮಲಗತ್ತೆ. ಸಾಯುವಾಗ ಹಾಗೆ ಬೀಳಲ್ಲ, ಕೂತ ಹಾಗೇ ಕಾಲು ಒಳಕ್ಕೆ ಮುದುರಿಕೊಳ್ಳತ್ತೆ. ಸುಮ್ಮನೆ ಕಾಯಿರಿ.”

ಕಾದೆವು. ಅವ್ವ ಗಾಜಿನ ಮುಂದೆ, ನಾನು ಅವಳ ಹಿಂದೆ. ಎದೆಯ ಮೇಲಿನ ಚಿಪ್ಪು ಸಣ್ಣಗೆ ಬಿರುಕು ಬಿಟ್ಟಿತು. ಕೆಸರುಗದ್ದೆಯಿಂದ ಕಾಲು ಕಿತ್ತುಕೊಳ್ಳುವ ಹಾಗೆ ಒಂದೊಂದೇ ಕಾಲನ್ನು ಹಳೆಯ ಕಾಲಿನೊಳಗಿಂದ ಎಳೆದುಕೊಂಡಿತು. ಸುಸ್ತಾಗಿ ನಿಲ್ಲುವುದು, ಮತ್ತೆ ಎಳೆಯುವುದು. ಪೂರ್ತಿ ಬಿಡಿಸಿಕೊಂಡಾಗ ಒದ್ದೆ ಒದ್ದೆಯಾಗಿ, ಮಾಸಲು ಬಣ್ಣದ, ಮೊದಲಿಗಿಂತ ದೊಡ್ಡದಾದ ಜೇಡ ಅಲ್ಲಿತ್ತು, ಹಲ್ಲು ಬೆಳ್ಳಗೆ. ಪಕ್ಕದಲ್ಲಿ ಅದರದೇ ರೂಪದ ಖಾಲಿ ತೊಗಲು. ತುಂಬ ಹೊತ್ತಿನ ಮೇಲೆ ತಾನೇ ಮಗುಚಿಕೊಂಡು ಎದ್ದು ನಿಂತಿತು.

ಅವ್ವ ನಕ್ಕಳು. ತಮ್ಮ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. “ಇಕ್ಕು ಮಗ, ಒಟ್ಟೆ ಅಸೀತದೆ” ಅಂದಳು. ಬಿಸಿ ಮುದ್ದೆ, ಸೊಪ್ಪಿನ ಸಾರು. ನಾನು ಕಣ್ಣೊರೆಸಿಕೊಳ್ಳುತ್ತ ಬಡಿಸುತ್ತಿದ್ದೆ. ಅರ್ಧ ಮುದ್ದೆ ಮುಗಿಸಿ ಅವಳು ತಲೆ ಎತ್ತಿದಳು.

“ಅವ್ನೂ ಇಂಗೇ ಅಂಗಾತ ಮನ್ಗಿದ್ದ ಕಣೆ. ತಡೀರಿ ತಡೀರಿ ಅಂತ ಬಡ್ಕಂಡೆ. ಆತ್ರ ಬಿದ್ದು ಮಣ್ ಮಾಡ್ಬುಟ್ರಿ ಎಲ್ರೂವೆ.”

ಆಸ್ಪತ್ರೆಯವರು ಕೊಯ್ದು ಹೊಲಿದು ಕೊಟ್ಟ ಮಗ ಎಲ್ಲಿಂದ ಏಳುತ್ತಾನೆ ಅವ್ವಾ ಅನ್ನಬೇಕಿತ್ತು. ಅನ್ನದೆ ಇನ್ನೊಂದು ಸೌಟು ಸಾರು ಬಿಟ್ಟೆ. ಅವಳು ಉಣ್ಣುತ್ತಿದ್ದಳಲ್ಲ.

ಅಲ್ಲಿಂದ ಶುರುವಾಯಿತು ಬಾಣಂತನ. ಅದು ನನ್ನ ಮಾತಲ್ಲ, ಅವ್ವನದು. ಹೊಸ ಮೈ, ಹಸಿ ಮೈ, ಗಾಳಿ ಸೋಕಬಾರದೆಂದು ಪೆಟ್ಟಿಗೆಗೆ ತೆಳುವಾದ ಹಳೆ ಸೀರೆ ಸುತ್ತಿದಳು. ಜೋರಾಗಿ ಟಿವಿ ಹಾಕುವಂತಿಲ್ಲ. ಯಾರಾದರೂ ಬಂದರೆ ದೃಷ್ಟಿಯಾದೀತೆಂದು ತೋರಿಸುವಂತಿಲ್ಲ. ಬಿಟ್ಟ ಪೊರೆಯನ್ನು ಒಂದು ಕುಂಕುಮದ ಡಬ್ಬಿಯ ಮುಚ್ಚಳದ ಮೇಲೆ ಇಟ್ಟು ತಮ್ಮನ ಫೋಟೋದ ಮುಂದೆ ಇಟ್ಟಳು. ಹಲ್ಲು ಗಟ್ಟಿಯಾಗುವವರೆಗೂ ಏನೂ ಹಾಕಬೇಡಿ ಎಂದು ಅಂಗಡಿಯವನು ಹೇಳಿದ್ದನ್ನು ಪಥ್ಯವೆಂದು ಚಾಚೂ ತಪ್ಪದೆ ನಡೆಸಿದಳು. ಪಥ್ಯ ಮುಗಿಯಿತು, ಹಲ್ಲು ಕಪ್ಪಾಯಿತು. ನಾನು ಮೈಸೂರಿನಿಂದ ತಂದ ಡಬ್ಬಿ ನೋಡಿ ಮುಖ ಸಿಂಡರಿಸಿದಳು.

“ಅಂಗ್ಡಿ ಉಳ ಯಾಕೆ? ಡಬ್ಬೀಲಿ ಒಣಿಕ್ಕಂಡವೆ. ಬಾಣಂತಿಗೆ ಮೊದುಲ್ನೆ ತುತ್ತು ತವರಿಂದ ಬರ್ಬೇಕು.”

“ಅವ್ವ, ಅದಕ್ಕೆ ಯಾವ ತವರು?”

“ನನ್ ತವ್ರೇ ಅದುಕ್ಕೂ ತವ್ರು” ಎಂದು ನನ್ನಿಂದ ಫೋನ್ ಮಾಡಿಸಿ, ಮಾವನಿಗೆ ತಾನೇ ಹೇಳಿದಳು. “ಲೋ, ನಮ್ಮನೇಲಿ ಬಾಣಂತಿ ಅವ್ಳೆ ಕಣ್ಲಾ. ನಾಲ್ಕು ಒಳ್ಳೆ ಮಿಡ್ತೆ ಇಡ್ಕಂಡು ಬಾ.”

ಮಾವ ಮರುದಿನವೇ ಬಂದ. ಚಪ್ಪಲಿ ಎತ್ತಿದ ದಿನದಿಂದ ಅಕ್ಕನ ಮುಖ ನೋಡಲು ಅವನಿಗೆ ನಾಚಿಕೆ. ಕೈಯಲ್ಲಿ ನೀರಿನ ಬಾಟಲಿ, ಮುಚ್ಚಳಕ್ಕೆ ತೂತು, ಒಳಗೆ ಹಸಿರು ಮಿಡತೆಗಳು. ಗದ್ದೆಯ ಬದುವಿನಲ್ಲಿ ಬಗ್ಗಿ ಬಗ್ಗಿ ಹಿಡಿದು ತಂದಿದ್ದ. ನಾನು ಬಾಟಲಿಯನ್ನು ಅವ್ವನ ಕೈಗೆ ಕೊಡಲಿಲ್ಲ.

“ಮಾವ, ಗದ್ದೆಗೆ ಔಷಧಿ ಹೊಡೆದಿದ್ದೀಯಾ?”

“ಇಲ್ಲ ಕಣವ್ವ.”

“ನಿಜ ಹೇಳು. ಸ್ವಲ್ಪವೂ ಹೊಡೆದಿಲ್ಲವಾ?”

“ನನ್ ಮಕ್ಳಾಣೆಗೂ ಒಡ್ದಿಲ್ಲ! ಪಂಪೇ ರಿಪೇರಿಗೆ ಬಿದ್ದದೆ, ಎಲ್ಲಿಂದ ಒಡೀಲಿ?”

ಅವನು ಸುಳ್ಳು ಹೇಳುವ ಮನುಷ್ಯನಲ್ಲ. ಒಪ್ಪಿದೆ. ಅವ್ವ ಮಿಡತೆ ಬಿಟ್ಟಳು. ಅಷ್ಟು ದಿನ ಉಪವಾಸವಿದ್ದದ್ದು ಹಾರಿ ಹಿಡಿಯಿತು, ಇನ್ನೊಂದನ್ನೂ ಹಿಡಿಯಿತು. ಮಾವನಿಗೆ ಆ ಹುಳದ ಬಗ್ಗೆ ಅಭಿಮಾನ ಬಂದುಬಿಟ್ಟಿತು. “ಎಂಗ್ ಒಡೀತದೆ ನೋಡವ್ವ, ಭಲೇ!” ಎಂದು ತೊಡೆ ತಟ್ಟಿದ. ಅಕ್ಕ ತಮ್ಮ ಇಬ್ಬರೂ ಒಟ್ಟಿಗೆ ಕೂತು ಉಂಡರು. ಅವ್ವ ಅವನ ತಟ್ಟೆಗೆ ತಾನೇ ತುಪ್ಪ ಹಾಕಿದಳು.

ಮರುದಿನ ಡ್ಯೂಟಿ ಮುಗಿಸಿ ಬಂದಾಗ ಜೇಡ ಕುಡಿದವರ ಹಾಗೆ ಓಲಾಡುತ್ತಿತ್ತು. ಕಾಲುಗಳು ನಡುಗುತ್ತಿದ್ದವು, ಒಂದೊಂದು ಒಂದೊಂದು ಕಡೆಗೆ. ಗಾಜಿಗೆ ಹೋಗಿ ಡಿಕ್ಕಿ ಹೊಡೆಯುವುದು, ಬೀಳುವುದು. “ಏನೋ ಕುಣೀತಾ ಅದೆ ಕಣೆ” ಅಂದಳು ಅವ್ವ. ಅಂಗಡಿಯವನಿಗೆ ವಿಡಿಯೋ ಕಳಿಸಿದೆ. ಅವನು ಒಂದೇ ಮಾತು ಕೇಳಿದ, ಹುಳ ಎಲ್ಲಿಯದು ಅಂತ. ಹೇಳಿದೆ. “ಇದು ವಿಷದ್ದೇ ಮೇಡಂ. ಏನೂ ಮಾಡಕ್ಕಾಗಲ್ಲ” ಅಂದ.

ಹೊರಗೆ ಬಂದು ಮಾವನಿಗೆ ಫೋನ್ ಮಾಡಿದೆ. ಬಾಯಿಗೆ ಬಂದಂತೆ ಬೈದೆ. ದೊಡ್ಡವರು ಚಿಕ್ಕವರು ಅಂತ ನೋಡಲಿಲ್ಲ.

“ಒಡ್ದಿಲ್ಲ ಕಣವ್ವ, ನಮ್ಮಪ್ಪನಾಣೆ ಒಡ್ದಿಲ್ಲ! ಮೊನ್ನೆ ಯೂರಿಯಾ ಜೊತೇಲಿ ಒಸಿ ಅರಳು ಎರಚಿದ್ದೆ, ಅಷ್ಟೇಯ.”

“ಯಾವ ಹರಳು?”

“ಅದೇ, ಸುಳಿ ಉಳಕ್ಕೆ ಆಕ್ತರಲ್ಲ, ಮಳ್ಳಂಗಿರ್ತದಲ್ಲ, ಅದು. ನೀನು ಒಡ್ದಿದ್ಯಾ ಅಂದೆ, ಒಡ್ದಿಲ್ಲ ಅಂದೆ. ಎರಚಿದ್ಯಾ ಅಂತ ನೀ ಎಲ್ಲಿ ಕೇಳ್ದೆ?”

ಮರಳಿನಂಥ ಆ ಹರಳು ನೀರಿನಲ್ಲಿ ಕರಗಿ ಬೇರಿನಿಂದ ಪೈರಿಗೆ ಏರುತ್ತದೆ. ಪೈರಿನ ಗರಿ ತಿಂದ ಮಿಡತೆ ಒಳಗೇ ವಿಷ ತುಂಬಿಕೊಂಡು ಬಂದಿತ್ತು. ನಮ್ಮ ಕಡೆ ಔಷಧಿ ಅಂದರೆ ಪಂಪು ಬೆನ್ನಿಗೇರಿಸಿ ಹೊಡೆಯುವುದು. ಕೈಯಲ್ಲಿ ಎರಚುವುದು ಗೊಬ್ಬರದ ಲೆಕ್ಕ. ಅವನು ನಿಜವನ್ನೇ ಹೇಳಿದ್ದ, ನಾನು ನಮ್ಮವರು ಕೇಳುವ ಹಾಗೆಯೇ ಕೇಳಿದ್ದೆ. ಥೂ, ವಿಷಕ್ಕೆ ಔಷಧಿ ಅನ್ನುವ ನಮ್ಮ ಬಾಯಿಗಿಷ್ಟು ಮಣ್ಣು! ಆ ಕಡೆಯಿಂದ ಮಾವ ಅಳುತ್ತಿದ್ದ. “ಆವತ್ತು ನಾನೇ ಅಕ್ಕನ್ ಕೈ ಬುಡಿಸ್ದೆ, ಈಗ ಇದೂ ನನ್ ಕೈಲೇ ಆಗ್ಬೇಕಾಗಿತ್ತಾ” ಅಂತ. ಫೋನ್ ಇಟ್ಟೆ.

ಒಳಗೆ ಹೋದೆ. ಜೇಡ ಕೂತ ಹಾಗೇ ಇತ್ತು, ಎಂಟೂ ಕಾಲು ಹೊಟ್ಟೆಯಡಿಗೆ ಮುದುರಿಕೊಂಡು, ಮುಷ್ಟಿ ಕಟ್ಟಿದಂತೆ. ಸಾಯುವುದು ಹೀಗೆ ಎಂದು ಅಂಗಡಿಯವನು ಆವತ್ತು ಹೇಳಿದ್ದು ನನಗೆ ನೆನಪಿತ್ತು. ಅವ್ವನಿಗೆ ನೆನಪಿದ್ದದ್ದು ಆ ಮಾತಿನ ಇನ್ನೊಂದು ಅರ್ಧ. ನಾನು ನೋಡುತ್ತಿದ್ದ ಹಾಗೆಯೇ ಅವಳು ಪೆಟ್ಟಿಗೆಯ ಮುಚ್ಚಳ ತೆಗೆದಳು. ಗಂದೆಯ ಕಲೆ ಇನ್ನೂ ಮಾಯದ ಬೆರಳುಗಳಿಂದ ಅದನ್ನು ಹಗುರವಾಗಿ ಎತ್ತಿ, ಮಗುಚಿ, ಅಂಗಾತ ಮಲಗಿಸಿದಳು. ಮುದುರಿದ ಕಾಲುಗಳನ್ನು ಒಂದೊಂದಾಗಿ ಬಿಡಿಸಿ ನೇರ ಮಾಡಲು ನೋಡಿದಳು. ಅವು ನಿಲ್ಲಲಿಲ್ಲ.

“ಎಲ್ಲೋ ಮರ್ತು ಕುಂತ್ಬುಟ್ಟದೆ. ಅಂಗಾತ ಮನ್ಗಿದ್ರೆ ತಾನೆ ಎದ್ದೇಳಾದು” ಅಂದಳು.

“ಅವ್ವ, ಅದು ಹೋಗಿದೆ.”

“ಓದ್ಸತೀನೂವೆ ಅಂಗೇ ಅಂದ್ರಿ.”

“ಇಲ್ಲವ್ವ, ಈ ಸಲ ನಿಜವಾಗಿಯೂ...”

“ಸುಮ್ಕಿರು.” ಮುಚ್ಚಳ ಹಾಕಿ ಸೀರೆ ಸುತ್ತಿದಳು. ನನ್ನ ಕಡೆ ತಿರುಗಿ, ಬೇಡಿಕೊಳ್ಳುವವಳ ಹಾಗೆ ಕೈ ಹಿಡಿದುಕೊಂಡಳು. “ಈ ಸತಿ ಯಾರೂ ಆತ್ರ ಪಡ್ಬ್ಯಾಡ್ರಿ. ಒಸಿ ತಡೀರಿ.”

ನಾನು ತಡೆದೆ. ಅವಳ ಕೈ ಬಿಡಿಸುವ ಶಕ್ತಿ ನನಗಿಲ್ಲ. ಹಿತ್ತಲಲ್ಲಿ ಹೂಳೋಣವೆಂದು ನಮ್ಮ ಯಜಮಾನರು ಎರಡು ಸಲ ಬಾಯಿ ತೆರೆದರು, ನಾನು ಕಣ್ಣು ಬಿಟ್ಟೆ, ಸುಮ್ಮನಾದರು. ಈಗ ಅದು ಒಣಗಿ ಹಗುರವಾಗಿದೆ. ಫೋಟೋದ ಮುಂದಿನ ಪೊರೆಗೂ ಅದಕ್ಕೂ ಏನೂ ವ್ಯತ್ಯಾಸ ಕಾಣುವುದಿಲ್ಲ. ಮಾವ ನಮ್ಮ ಮನೆಯ ಕಡೆ ಬರುವುದನ್ನು ಬಿಟ್ಟಿದ್ದಾನೆ. ಮನೆಯಲ್ಲಿ ಇನ್ನೂ ಸೊಳ್ಳೆ ಬತ್ತಿ ಹಚ್ಚುವುದಿಲ್ಲ.

ಅವ್ವ ದಿನಾ ಎರಡು ಹೊತ್ತು ಉಣ್ಣುತ್ತಾಳೆ. ಅದು ಏಳುವ ಹೊತ್ತಿಗೆ ತಾನು ಗಟ್ಟಿಯಾಗಿರಬೇಕು, ಬಾಣಂತನ ಮಾಡುವವರು ಬೇಕಲ್ಲ ಅನ್ನುತ್ತಾಳೆ. ಬೆಳಿಗ್ಗೆ ನಾನು ಯೂನಿಫಾರ್ಮ್ ಹಾಕಿಕೊಂಡು ಹೊರಡುವಾಗ, “ನೀರು ಬದ್ಲಾಯಿಸ್ದಾ?” ಅಂತ ಕೇಳುತ್ತಾಳೆ. ಇವತ್ತೂ ಕೇಳಿದಳು. ಬಟ್ಟಲು ತೊಳೆದು, ಹೊಸ ನೀರು ತುಂಬಿ ಪೆಟ್ಟಿಗೆಯೊಳಗಿಟ್ಟು ಬಸ್ಸಿಗೆ ಬಂದೆ.